ಬಾವಿಗೆ ಬಿದ್ದ ಚೆಂಡು

ಭಾರತದೇಶದ ಮೊತ್ತಮೊದಲ ಕ್ರೀಡಾಶಿಕ್ಷಕನಿಗೆ ಉದ್ಯೋಗ ದೊರೆತದ್ದು ಒಂದು ಚೆಂಡಿನ ದೆಸೆಯಿಂದ ಎಂದರೆ ವಾಚಕರು ನಕ್ಕಾರು. ಆದರೆ ವ್ಯಾಸಭಾರತದ ಆದಿಪರ್ವವನ್ನು ತೆರೆದು ನೋಡಿದವರಿಗೆ ಇದರಲ್ಲಿ ನಗೆಯೇನೂ ಕಾಣದು. ಹಸ್ತಿನಾವತಿಯ ಹೊರಬಯಲಿನಲ್ಲಿ ರಾಜಕುಮಾರರು ಆಡುತ್ತಿದ್ದಾರೆ; ಚೆಂಡು ಬಾವಿಗೆ ಬೀಳುತ್ತದೆ; ಕ್ಷತ್ರಿಯಪುತ್ರರೆಲ್ಲರೂ ಸುತ್ತ ನಿಂತು ಇಣಿಕುತ್ತಾರೆಯೇ ಹೊರತು ತೆಗೆಯುವ ಉಪಾಯ ಒಬ್ಬನಿಗೂ ಹೊಳೆಯದು. ಆಗ ಅಲ್ಲಿದ್ದ ಬಡ ಬ್ರಾಹ್ಮಣನೊಬ್ಬ ಹುಲ್ಲುಕಡ್ಡಿಯೊಂದರ ಬೆನ್ನಿಗೆ ಮತ್ತೊಂದನ್ನು ನೆಟ್ಟು, ಕಡ್ಡಿಗಳನ್ನೇ ಸರಪಣಿ ಮಾಡಿ, ಅದನ್ನು ಮೇಲಕ್ಕೆತ್ತಿ ಕೊಡುತ್ತಾನೆ. ಸುದ್ದಿ ಭೀಷ್ಮನಿಗೆ ಮುಟ್ಟುತ್ತದೆ, ದ್ರೋಣನಿಗೆ ಕೆಲಸವಾಗುತ್ತದೆ. ಮೂಲದಲ್ಲಿರುವ ‘ವೀಟಾ’ ಎಂಬ ಶಬ್ದಕ್ಕೆ ಕೆಲವರು ಚೆಂಡೆಂದೂ ಕೆಲವರು ನಮ್ಮ ಚಿನ್ನಿದಾಂಡಿನ ಚಿನ್ನಿಯೆಂದೂ ಅರ್ಥ ಹೇಳುತ್ತಾರೆ. ನಮ್ಮ ಪ್ರಸ್ತಾಪಕ್ಕೆ ಎರಡೂ ಒಪ್ಪುವಂಥವೇ.

ಈ ದ್ರೋಣನ ಪೂರ್ವವೃತ್ತಾಂತವನ್ನು ಇಂದಿನ ಅರ್ಜಿಯ ನಮೂನೆಯಲ್ಲಿ ತುಂಬಿದರೆ ಹೇಗಿದ್ದೀತು? ವಿದ್ಯಾಭ್ಯಾಸ: ಶ್ರೇಷ್ಠರಾದ ಗುರುಗಳಲ್ಲಿ. ಹೆಚ್ಚಿನ ತರಬೇತಿ: ಪರಶುರಾಮನಲ್ಲಿ. ಆಸ್ತಿ: ಶೂನ್ಯ. ಮಗ ಹಾಲಿಗಾಗಿ ಅತ್ತಾಗ ಹಿಟ್ಟು ಕದಡಿದ ನೀರನ್ನು ಹಾಲೆಂದು ಕುಡಿದು ಕುಣಿದನೆಂಬ ಕಥೆಯನ್ನು ನಾವು ಬಲ್ಲೆವು. ಹಳೆಯ ಸಹಪಾಠಿ ರಾಜನಾಗಿದ್ದಾನೆಂದು ಆಸೆಯಿಂದ ಹೋದರೆ, ಸಮಾನರಲ್ಲದವರಿಗೆ ಸ್ನೇಹವೆಲ್ಲಿಯದು ಎಂಬ ಉತ್ತರ ದೊರೆಯಿತು. ವಿದ್ಯೆ ಪೂರ್ಣ, ಹೊಟ್ಟೆ ಅರ್ಧ, ಅಭಿಮಾನಕ್ಕೆ ಪೆಟ್ಟು: ಇಂಥ ಸ್ಥಿತಿಯಲ್ಲಿ ಮನುಷ್ಯ ಶಿಕ್ಷಕನಾಗುತ್ತಾನೆ. ಕಾಲೇಜುಗಳಲ್ಲಿ ಆಟ ಕಲಿಸುವವರ ಬಾಳನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇರಲಾರದು.

ಇದನ್ನೆಲ್ಲ ನಾನು ಯೋಚಿಸುವಂತಾದದ್ದು ಬೇಸ್‌ಬಾಲ್ ಎಂಬ ಆಟದ ನಿಮಿತ್ತದಿಂದ. ನಮ್ಮ ನಾಡಿಗೆ ಇದು ಅಷ್ಟಾಗಿ ಪರಿಚಯವಿಲ್ಲದ ಆಟ. ಒಂಬತ್ತು ಮಂದಿಯ ತಂಡ, ವಜ್ರದಾಕಾರದ ಅಂಕಣ, ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಒಂದರಿಂದೊಂದಕ್ಕೆ 90 ಅಡಿ. ಎಸೆಯುವವನು 60 ಅಡಿ 6 ಅಂಗುಲದ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಹೊಡೆಯುವವನು ಒನಕೆಯಂತಹ ದುಂಡು ದಾಂಡಿನಿಂದ ಹೊಡೆದು ನೆಲೆಯಿಂದ ನೆಲೆಗೆ ಓಡುತ್ತಾನೆ. ಲಗೋರಿಯನ್ನೂ ಚಿನ್ನಿದಾಂಡನ್ನೂ ಆಡಿ ಬೆಳೆದ ಹುಡುಗನಿಗೆ ಅರ್ಧ ಗಂಟೆಯಲ್ಲಿ ಅರ್ಥವಾಗುವ ಆಟ. ನಮ್ಮ ವಿಶ್ವವಿದ್ಯಾನಿಲಯಗಳ ಅಂತರ ವಿಶ್ವವಿದ್ಯಾನಿಲಯ ಪಂದ್ಯಗಳ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ.

ಈ ಆಟದ ತವರಾದ ಅಮೆರಿಕದಲ್ಲಿ ಕಾಲೇಜು ತಂಡಗಳ ಶಿಕ್ಷಕರಾದವರು ಎಲ್ಲಿಂದ ಬಂದವರೆಂದು ನೋಡಿದರೆ ಸೋಜಿಗವಾಗುತ್ತದೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ 1946ರಿಂದ 1968ರವರೆಗೆ ಶಿಕ್ಷಕನಾಗಿದ್ದ ಈಥನ್ ಆ್ಯಲನ್ ಹದಿಮೂರು ವರ್ಷ ವೃತ್ತಿನಿರತ ಆಟಗಾರನಾಗಿದ್ದು, ಕಾಲು ಸೋತ ಮೇಲೆ ಬಾಯಿಗೆ ಕೆಲಸ ಕೊಟ್ಟವನು. ಆತನ ತಂಡ 1947 ಮತ್ತು 1948ರಲ್ಲಿ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಅಂತಿಮ ಘಟ್ಟಕ್ಕೆ ಬಂದು ಎರಡು ಸಲವೂ ಸೋತಿತು. ಆ ತಂಡದ ಆಟಗಾರರಲ್ಲೊಬ್ಬನಾದ ಜಾರ್ಜ್ ಬುಷ್ ಎಂಬ ತರುಣ ಮುಂದೆ ಆ ದೇಶದ ಅಧ್ಯಕ್ಷನಾದ. 1948ರಲ್ಲಿ ಅವರನ್ನು ಸೋಲಿಸಿದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಶಿಕ್ಷಕರಲ್ಲೊಬ್ಬನ ಹೆಸರು ರಾಡ್ ಡೆಡೊ. ಈತ ವೃತ್ತಿಪರ ತಂಡದ ಅತ್ಯುನ್ನತ ಮಟ್ಟದಲ್ಲಿ ಆಡಿದ್ದು 1935ರಲ್ಲಿ ಎರಡೇ ಎರಡು ಪಂದ್ಯ! ಲಾರಿ ಸಾಗಾಣಿಕೆಯ ವ್ಯಾಪಾರದಿಂದ ಹೊಟ್ಟೆ ಹೊರೆದುಕೊಂಡು, ವಿಶ್ವವಿದ್ಯಾನಿಲಯದಿಂದ ವರ್ಷಕ್ಕೆ ಒಂದು ಡಾಲರಿನ ನಾಮಮಾತ್ರ ಸಂಬಳ ಪಡೆದು, 1942ರಿಂದ 1986ರವರೆಗೆ ಕಲಿಸಿ, ಹನ್ನೊಂದು ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ. ಚೆನ್ನಾಗಿ ಆಡಿದವನೇ ಚೆನ್ನಾಗಿ ಕಲಿಸುತ್ತಾನೆಂಬ ನಂಬಿಕೆಗೆ ಡೆಡೊನ ಬಾಳು ಒಳ್ಳೆಯ ಉತ್ತರ. ಕವಿತೆ ಬರೆಯದೆ ಕಾವ್ಯ ಬೋಧಿಸುವ ನನ್ನಂಥವರಿಗೆ ಇದರಿಂದ ತುಸು ಸಮಾಧಾನವೂ ಉಂಟು.

ಇವರೆಲ್ಲರಿಗಿಂತ ನನ್ನ ಮನಸ್ಸನ್ನು ಹಿಡಿದವನು ಬ್ರಾಂಚ್ ರಿಕಿ. ಓಹಾಯೋದ ಒಕ್ಕಲು ಮನೆತನದಲ್ಲಿ 1881ರಲ್ಲಿ ಹುಟ್ಟಿದ ಈತ ತಾನು ಓದಿದ ಓಹಾಯೋ ವೆಸ್ಲಿಯನ್ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಇಪ್ಪತ್ತು ದಾಟುತ್ತಿದ್ದಂತೆಯೇ ಶಿಕ್ಷಕನಾದ. ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕರಿಯ ಹುಡುಗನಿದ್ದ. ಪಂದ್ಯಕ್ಕೆಂದು ಸೌತ್ ಬೆಂಡ್ ಎಂಬ ಊರಿಗೆ ಹೋದಾಗ ವಸತಿಗೃಹದವರು ಉಳಿದವರಿಗೆ ಕೋಣೆ ಕೊಟ್ಟು ಈ ಹುಡುಗನಿಗೆ ಮಾತ್ರ ಇಲ್ಲವೆಂದರು. ರಿಕಿ ವಾದಿಸಿ, ತನ್ನ ಕೋಣೆಯಲ್ಲಿಯೇ ಅವನಿಗೊಂದು ಮಂಚ ಹಾಕಿಸಿದ. ರಾತ್ರಿ ಆ ಹುಡುಗ ಅಳುತ್ತ, ಕೈಯ ಚರ್ಮವನ್ನು ಕಿತ್ತೊಗೆಯುವವನಂತೆ ತಿಕ್ಕಿಕೊಳ್ಳುತ್ತ ಕುಳಿತಿದ್ದನೆಂದು ರಿಕಿ ಜೀವಮಾನವೆಲ್ಲ ಹೇಳಿಕೊಂಡ. ಥಾಮಸ್ ಮುಂದೆ ದಂತವೈದ್ಯನಾದ. ರಿಕಿ ಮಿಚಿಗನ್ನಿನಲ್ಲಿ ಕಾನೂನು ಓದುತ್ತ ಅಲ್ಲಿಯೂ ಕಾಲೇಜು ತಂಡಕ್ಕೆ ಕಲಿಸಿದ. ಬಳಿಕ ವೃತ್ತಿಪರ ತಂಡಗಳ ಆಡಳಿತಕ್ಕೆ ಸೇರಿದ. ಕರಿಯರಿಗೆ ಪ್ರವೇಶವಿಲ್ಲದಿದ್ದ ಆ ಪ್ರಪಂಚದೊಳಕ್ಕೆ 1945ರಲ್ಲಿ ಜಾಕಿ ರಾಬಿನ್ಸನ್ ಎಂಬಾತನನ್ನು ಆರಿಸಿ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದ ಪರವಾಗಿ ಮೈದಾನಕ್ಕಿಳಿಸಿದವನು ಇವನೇ. ಕಾಲೇಜು ಶಿಕ್ಷಕನೊಬ್ಬ ಕಂಡ ಒಂದು ರಾತ್ರಿ ನಾಲ್ವತ್ತು ವರ್ಷಗಳ ಮೇಲೆ ಫಲ ಕೊಟ್ಟಿತು. ರಿಕಿಯ ಮನಸ್ಸಿನಲ್ಲಿ ವ್ಯಾಪಾರದ ಲೆಕ್ಕವೂ ಇತ್ತೆಂದು ಹೇಳುವವರಿದ್ದಾರೆ. ಇದ್ದಿರಬಹುದು. ಮಂಚ ಹಾಕಿಸಿದ ರಾತ್ರಿಯಲ್ಲಿ ಮಾತ್ರ ಯಾವ ಲಾಭವೂ ಇರಲಿಲ್ಲ.

ಅಮೆರಿಕದ ಮಾತು ನಮಗೇಕೆ ಎನ್ನಬಾರದು. ನಮ್ಮ ಕಾಲೇಜುಗಳ ಕ್ರೀಡಾಶಿಕ್ಷಕರ ವಂಶವೃಕ್ಷದ ಒಂದು ಬೇರು ಅಲ್ಲಿಯದೇ. ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯೊಂದಿತ್ತು. ಅಲ್ಲಿಯ ಶಿಕ್ಷಕ ಜೇಮ್ಸ್ ನೈಸ್ಮಿತ್ 1891ರಲ್ಲಿ ಬಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದ. ಅಲ್ಲಿ ಕಲಿತ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಆಟವನ್ನು ಕಲ್ಪಿಸಿದ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡುವ ಆಟ ಇದೇ. ಅದೇ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬಾತ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ಸ್ಥಾಪಿಸಿದ. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡದೊಡನೆ ಹೋದವನೂ ಈತನೇ. 1943ರಲ್ಲಿ ತೀರಿಕೊಳ್ಳುವವರೆಗೆ ಆತ ದುಡಿದದ್ದು ಈ ದೇಶದಲ್ಲಿ. ದಕ್ಷಿಣದ ಶಾಲೆ ಕಾಲೇಜುಗಳ ಎಷ್ಟೋ ಮಂದಿ ‘ಫಿಸಿಕಲ್ ಡೈರೆಕ್ಟರು’ಗಳು ಮದರಾಸಿನ ಆ ಅಂಗಳದಲ್ಲಿ ಬೆವರು ಸುರಿಸಿ ಬಂದವರು. ಕುತ್ತಿಗೆಗೆ ಸೀಟಿ, ಬಿಳಿಯ ಷರಾಯಿ, ಬೆನ್ನು ನೆಟ್ಟಗೆ: ಈ ಮೂರ್ತಿಯನ್ನು ಕಡೆದವರು ಅವರು.

ಇನ್ನೊಂದು ಬೇರು ನಮ್ಮದೇ ನೆಲದ ಗರಡಿಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವಿದೆ. ಮಲ್ಲರನ್ನು ವಯಸ್ಸಿಗೂ ಬಲಕ್ಕೂ ತಕ್ಕಂತೆ ವಿಂಗಡಿಸಬೇಕು, ಇಂತಿಂಥ ಆಹಾರ ಕೊಡಬೇಕು, ಹೀಗೆ ಅಭ್ಯಾಸ ಮಾಡಿಸಬೇಕು ಎಂದು ಅರಸನೇ ಬರೆದಿಡುತ್ತಾನೆ. ಎಂಟುನೂರಕ್ಕೂ ಮಿಕ್ಕಿ ವರ್ಷಗಳ ಹಿಂದೆ ಇದು ಅರಸನಾದವನು ತಿಳಿದಿರಬೇಕಾದ ವಿದ್ಯೆಯಾಗಿತ್ತು. ಮೈಸೂರಿನ ಜಟ್ಟಿಗಳು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಅದರ ಎಳೆಯೊಂದನ್ನು ಉಳಿಸಿಕೊಂಡು ಬಂದಿದ್ದಾರೆ. ನಮ್ಮ ದಾವಣಗೆರೆಯ ಕಡೆಯಲ್ಲಿಯೂ ಗರಡಿಯ ಕೆಮ್ಮಣ್ಣು ಇನ್ನೂ ಪೂರ್ತಿ ಒಣಗಿಲ್ಲ. ಅಲ್ಲಿ ಗುರುವಿಗೆ ‘ಉಸ್ತಾದ’ ಎನ್ನುತ್ತಾರೆ. ಉಸ್ತಾದನಿಗೆ ಸಂಬಳವಿಲ್ಲ, ಪ್ರಮಾಣಪತ್ರವಿಲ್ಲ. ಮುರಿದ ಕಿವಿಯೇ ಆತನ ಪದವಿ.

ಈ ಎರಡು ಬೇರುಗಳೂ ಒಂದೇ ದೇಹದಲ್ಲಿ ಕೂಡಿದ್ದನ್ನು ನೋಡಬೇಕಾದರೆ ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೆನೆಯಬೇಕು. ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿ, ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳುಹಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವನ್ನು ಪಡೆದ ಈ ಮಹನೀಯರು ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯರ ಭಾರಸಾಧನೆಯನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದರು. ಅದೇ ಕೈ ಹೊಯ್ಸಳ ರಾಣಿಯ ಕಥೆಯಾದ ‘ಶಾಂತಲಾ’ ಕಾದಂಬರಿಯನ್ನು ಬರೆಯಿತು, ‘ರೂಪದರ್ಶಿ’ಯನ್ನು ಬರೆಯಿತು. ಕೈಲಾಸಂ ಅವರ ಒಡನಾಟ ಬೇರೆ. 1980ರಲ್ಲಿ ಅವರು ಕಾಲವಾದರು. ಮೈಗೂ ಮಾತಿಗೂ ವೈರವಿದೆಯೆಂದು ತಿಳಿದಿರುವ ನಮ್ಮ ಸಾಹಿತ್ಯಪ್ರಿಯರು ‘ಶಾಂತಲಾ’ವನ್ನು ಓದುತ್ತಾರೆ, ಅದನ್ನು ಬರೆದಾತನ ಉದ್ಯೋಗವೇನೆಂದು ಕೇಳಿದರೆ ಬಹುಮಂದಿ ತಡವರಿಸುತ್ತಾರೆ.

ನನ್ನ ಊರು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ. ಭದ್ರಾ ಕಾಲುವೆಯ ನೀರು, ಬತ್ತದ ಗದ್ದೆ, ಅಡಕೆಯ ತೋಟ. ಆಟದ ಬಯಲೆಂದರೆ ಕೊಯ್ಲಾದ ಗದ್ದೆಯೇ. ಕಾಲುವೆಗೆ ನೀರು ಬಿಟ್ಟ ದಿನ ಆಟ ಮುಗಿಯಿತು. ಅಲ್ಲಿಯ ಶಾಲೆಯಲ್ಲಿ ನಮಗೊಬ್ಬ ಡ್ರಿಲ್ ಮೇಷ್ಟ್ರಿದ್ದರು. ಸಿ.ಪಿ.ಎಡ್. ಪಾಸು ಮಾಡಿದ್ದರಷ್ಟೆ. ಪರೀಕ್ಷೆ ಹತ್ತಿರವಾದಂತೆಲ್ಲ ಅವರ ಗಂಟೆಯನ್ನು ಗಣಿತದವರೂ ವಿಜ್ಞಾನದವರೂ ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಅವರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಶಾಲೆಯ ಗಿಡಗಳಿಗೆ ನೀರು ಹಾಕಿಸುತ್ತಿದ್ದರು. ಆದರೂ ಖೊಖೊ ಕಂಬಗಳನ್ನು ನೆಡಲು ಸೂರ್ಯ ಹುಟ್ಟುವ ಮೊದಲೇ ಬಂದಿರುತ್ತಿದ್ದರು. ಹಲಗೆಯ ಮೇಲೆ ಬರೆದ ಪಾಠ ನನಗೆಷ್ಟು ನೆನಪಿದೆಯೋ ತಿಳಿಯದು. ‘ಉಸಿರನ್ನು ಮೂಗಿನಲ್ಲಿ ತಗೋ, ಬಾಯಿ ಮುಚ್ಚು’ ಎಂದು ಅವರು ಕೂಗಿದ್ದು ಮೆಟ್ಟಿಲು ಹತ್ತುವಾಗಲೆಲ್ಲ ಈಗಲೂ ಕೇಳಿಸುತ್ತದೆ.

ಸ್ವಾತಂತ್ರ್ಯಾನಂತರ ಈ ವೃತ್ತಿಗೆ ಎರಡು ದಾರಿಗಳಾದವು. 1957ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು ಹುಟ್ಟಿ ದೈಹಿಕ ಶಿಕ್ಷಣ ಪದವಿಯ ವಿಷಯವಾಯಿತು. 1961ರಲ್ಲಿ ಪಟಿಯಾಲದ ಅರಮನೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತೆರೆದು, ಒಂದೊಂದು ಆಟಕ್ಕೆ ಒಬ್ಬೊಬ್ಬ ತರಬೇತುಗಾರನನ್ನು ತಯಾರು ಮಾಡತೊಡಗಿತು. ಹಾಕಿಯ ಧ್ಯಾನ್‌ಚಂದ್ ಅಲ್ಲಿ ಕಲಿಸಿದರು. ಮೊದಲ ದಾರಿಯಲ್ಲಿ ಹೋದವನು ಎಲ್ಲ ಆಟಗಳನ್ನೂ ಎಲ್ಲರಿಗೂ ಕಲಿಸುವ ಮೇಷ್ಟ್ರು. ಎರಡನೆಯ ದಾರಿಯವನು ಒಂದೇ ಆಟವನ್ನು ಕೆಲವರಿಗೆ ಕಲಿಸುವ ಗುರು. ಕಾಲೇಜಿಗೆ ಬಂದವನ ಪಾಡೇನೆಂದರೆ ಓದಿದ್ದು ಮೊದಲನೆಯದು, ಜನ ಕೇಳುವುದು ಎರಡನೆಯದು. ಬೆಳಿಗ್ಗೆ ಕಬಡ್ಡಿ, ಸಂಜೆ ವಾಲಿಬಾಲ್, ನಡುವೆ ಪ್ರವೇಶಾತಿಯ ಸಾಲು ಸರಿಮಾಡುವುದು, ಸಭೆಯಾದರೆ ಕುರ್ಚಿ ಹಾಕಿಸುವುದು. ವಾರ್ಷಿಕ ವರದಿಯಲ್ಲಿ ಅವನ ಹೆಸರು ಗ್ರಂಥಪಾಲಕರ ಹೆಸರಿನ ಕೆಳಗೋ ಮೇಲೋ, ಅಂತೂ ಪುಟದ ತಳದಲ್ಲಿ.

ಅರ್ಹತೆಯ ವಿಷಯದಲ್ಲಿ ಯಾರೂ ಅವನಿಗೆ ರಿಯಾಯಿತಿ ತೋರಿಸಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿ ಆ ಹುದ್ದೆಗೆ ಸ್ನಾತಕೋತ್ತರ ಪದವಿಯನ್ನೂ ರಾಷ್ಟ್ರೀಯ ಅರ್ಹತಾ ಪರೀಕ್ಷೆಯನ್ನೂ ವಿಧಿಸಿದ್ದಲ್ಲದೆ, ಅಭ್ಯರ್ಥಿ ತಾನೇ ಪಂದ್ಯಗಳಲ್ಲಿ ಆಡಿದ ದಾಖಲೆಯನ್ನೂ ಕೇಳಿತು. ಅದೂ ಸಾಲದೆಂದು ಓಟದ ಪರೀಕ್ಷೆ: ಮೂವತ್ತರೊಳಗಿನ ಪುರುಷ ಹನ್ನೆರಡು ನಿಮಿಷಗಳಲ್ಲಿ 1800 ಮೀಟರ್, ಸ್ತ್ರೀ ಎಂಟು ನಿಮಿಷಗಳಲ್ಲಿ 1000 ಮೀಟರ್ ಕ್ರಮಿಸಬೇಕು. ನಲವತ್ತರ ಮೇಲೆ ನಲವತ್ತೈದರೊಳಗಿನ ಪುರುಷನಿಗೆ 1200 ಮೀಟರ್. ಕನ್ನಡ ಅಧ್ಯಾಪಕರಿಗೂ ಇಂಥದೊಂದು ಕಟ್ಟಳೆ ಇದ್ದಿದ್ದರೆ ನಮ್ಮ ವಿಭಾಗಗಳಲ್ಲಿ ಎಷ್ಟು ಕುರ್ಚಿಗಳು ತೆರವಾಗುತ್ತಿದ್ದುವೋ ಹೇಳಲಾರೆ, ನನ್ನದಂತೂ ಆಗುತ್ತಿತ್ತು.

ಗುರುಗಳಿಗೆ ಮನ್ನಣೆಯೇ ಇಲ್ಲವೆಂದಲ್ಲ. 1985ರಲ್ಲಿ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. ಮೊದಲ ಸಲ ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಓ.ಎಂ. ನಂಬಿಯಾರ್ ಒಬ್ಬರು. ವಾಯುಸೇನೆಯಲ್ಲಿದ್ದು, ಪಟಿಯಾಲದಲ್ಲಿ ಕಲಿತು, ಕೇರಳದ ಕ್ರೀಡಾಶಾಲೆಗೆ ಬಂದವರು. 1984ರ ಲಾಸ್ ಏಂಜಲೀಸಿನಲ್ಲಿ ಶಿಷ್ಯೆ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡುದನ್ನು ಕಂಡು, 2021ರವರೆಗೆ ಬದುಕಿದರು. ನಮ್ಮ ನಾಡಿನವರಲ್ಲಿ ಓಟಗಾರರನ್ನು ದಶಕಗಳ ಕಾಲ ತಿದ್ದಿದ ಎನ್. ಲಿಂಗಪ್ಪನವರಿಗೆ 2014ರಲ್ಲಿಯೂ, ಅಥ್ಲೆಟಿಕ್ಸಿನ ವಿ.ಆರ್. ಬೀಡು ಅವರಿಗೆ ಮತ್ತು ಸೇನೆಯಿಂದ ಬಂದ ಕೊಡಗಿನ ಮುಷ್ಟಿಯುದ್ಧದ ಗುರು ಸಿ.ಎ. ಕುಟ್ಟಪ್ಪನವರಿಗೆ 2018ರಲ್ಲಿಯೂ ಅದು ಸಂದಿತು. ಎಲ್ಲವೂ ಸರಿಯೆ. ಆದರೆ ಪ್ರಶಸ್ತಿಗೆ ಹೆಸರಿಟ್ಟವರಿಗೆ ಏಕಲವ್ಯನ ಹೆಬ್ಬೆರಳು ಒಂದು ಕ್ಷಣವೂ ನೆನಪಾಗಲಿಲ್ಲವೆ ಎಂದು ನಾನು ಆಗಾಗ ಕೇಳಿಕೊಳ್ಳುವುದುಂಟು. ಹೆಬ್ಬೆರಳು ಕೇಳಿದವನ ಹೆಸರಿನಲ್ಲಿ ಪ್ರಶಸ್ತಿ. ಮಂಚ ಹಾಕಿಸಿದವನ ಹೆಸರು ನಮ್ಮಲ್ಲಿ ಯಾರಿಗೂ ತಿಳಿಯದು.

ಇಷ್ಟು ಬರೆದ ಮೇಲೆ ನನ್ನ ತಪ್ಪೊಂದನ್ನು ಹೇಳದಿದ್ದರೆ ಆಗದು. ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಎಲ್ಲಿಂದಲೋ ನಾಲ್ಕು ಹಳೆಯ ಗ್ಲೌಸುಗಳನ್ನೂ ಒಂದು ದಾಂಡನ್ನೂ ಸಂಪಾದಿಸಿ ಬೇಸ್‌ಬಾಲ್ ತಂಡ ಕಟ್ಟಿದರು. ತಾವು ಆಡಿದ್ದು ಕಬಡ್ಡಿ. ಬೇಸ್‌ಬಾಲನ್ನು ಪುಸ್ತಕ ನೋಡಿ ಕಲಿತರು. ಎಸೆಯುವವನಾಗಿ ಆರಿಸಿದ್ದು ಗದ್ದೆಯಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದ ಒಬ್ಬ ರೈತನ ಮಗನನ್ನು. ಆ ಹುಡುಗನ ತೋಳು ಅದ್ಭುತ. ಹಾಜರಿ ಮಾತ್ರ ಶೇಕಡಾ 75ಕ್ಕೆ ತೀರ ಕಡಿಮೆ. ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಮೂರು ದಿನ ಬಿಡಬೇಕೆಂಬ ಕಾಗದ ಹಿಡಿದು ಮೇಷ್ಟ್ರು ನನ್ನ ಕೋಣೆಗೆ ಬಂದು ನಿಂತರು. ಕೂರಿ ಎಂದು ಕೂಡ ನಾನು ಅನ್ನಲಿಲ್ಲ. “ಚೆಂಡು ಎಸೆದರೆ ಹೊಟ್ಟೆ ತುಂಬುತ್ತದೆಯೇ? ಆ ಹುಡುಗನ ತಂದೆ ಸಾಲ ಮಾಡಿ ಓದಿಸುತ್ತಿದ್ದಾನೆ. ಪಂಪನ ಪಾಠ ನಡೆದಿದೆ, ಮತ್ತೆ ಮಾಡಲಾಗದು” ಎಂದೆ. ನಾನಾಡಿದ್ದರಲ್ಲಿ ಸುಳ್ಳಿರಲಿಲ್ಲ, ಆದರೆ ಆ ಧಾಟಿ ದ್ರುಪದನದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಹೋಗಲಿ ಸಾರ್. ಅವನ ಬದಲು ನಾನು ಕೂತು ಬರೆದುಕೊಡುತ್ತೇನೆ” ಎಂದರು. ತಮಾಷೆಯೆಂದುಕೊಂಡೆ. ಮರುದಿನ ಕೊನೆಯ ಬೆಂಚಿನಲ್ಲಿ ಐವತ್ತು ದಾಟಿದ ಆ ಮನುಷ್ಯ ಹುಡುಗನ ನೋಟುಪುಸ್ತಕವನ್ನು ಬಿಚ್ಚಿಕೊಂಡು ಕುಳಿತಿದ್ದರು. ಪಾಠ ದ್ರೋಣ ದ್ರುಪದರ ಪ್ರಸಂಗ. ಮೂರು ದಿನವೂ ಬಂದರು. ವಿದ್ಯಾರ್ಥಿಗಳು ಮೊದಲ ದಿನ ನಕ್ಕರು; ಎರಡನೆಯ ದಿನ ನಗಲಿಲ್ಲ. ಮೂರನೆಯ ದಿನ ಗಂಟೆ ಹೊಡೆದ ಮೇಲೆ ಹತ್ತಿರ ಬಂದು, “ಒಂದು ಸಂಶಯ ಸಾರ್. ಭೀಷ್ಮರು ದ್ರೋಣರಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದರು?” ಎಂದು ಕೇಳಿದರು. ಮುಖದಲ್ಲಿ ನಗೆಯಿತ್ತೋ ಇಲ್ಲವೋ ಇಂದಿಗೂ ನಿಶ್ಚಯವಾಗಿಲ್ಲ. ಪಂಪ ಅದನ್ನು ಹೇಳಿಲ್ಲವೆಂದೆ.

ಹುಡುಗ ಆ ವರ್ಷ ಆಯ್ಕೆಯಾಗಲಿಲ್ಲ, ಮರುವರ್ಷ ಆದ. ಬಿ.ಪಿ.ಎಡ್. ಓದಿ, ಈಗ ಬೇರೊಂದು ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಹಂಗಾಮಿಯಾಗಿ ಡ್ರಿಲ್ ಮೇಷ್ಟ್ರಾಗಿದ್ದಾನೆ. ಜೂನ್ ಬಂತೆಂದರೆ ಕೆಲಸ ಉಳಿಯಿತೋ ಇಲ್ಲವೋ ಎಂಬ ಚಿಂತೆ. ಕಳೆದ ದೀಪಾವಳಿಗೆ ಊರಿಗೆ ಬಂದವನು ತ್ಯಾವಣಿಗೆಯ ನಮ್ಮ ಮನೆಗೂ ಬಂದಿದ್ದ. ಮೇಷ್ಟ್ರು ಆ ವೇಳೆಗೆ ನಿವೃತ್ತರಾಗಿ ತಮ್ಮ ಹಳ್ಳಿಗೆ ಹೋಗಿಯಾಗಿತ್ತು. ಹುಡುಗ ಚೀಲದಿಂದ ಆ ಹಳೆಯ ನೋಟುಪುಸ್ತಕವನ್ನು ತೆಗೆದು ತೋರಿಸಿದ. ಪಂದ್ಯದ ಅಂಕಗಳನ್ನು ಗುರುತು ಹಾಕುವವರ ನೇರವಾದ, ದಪ್ಪ ಅಕ್ಷರ. ನಾನು ಹೇಳಿದ್ದರಲ್ಲಿ ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಪುಟದ ಅಡಿಯಲ್ಲಿ ಬೇರೆ ಶಾಯಿಯಲ್ಲಿ ಎರಡು ಸಾಲು: “ಇದು ಪರೀಕ್ಷೆಗೆ ಬರುವ ಸಂಭವವಿದೆ, ಎರಡು ಸಲ ಓದು. ರಾತ್ರಿ ಬಲಭುಜಕ್ಕೆ ಎಣ್ಣೆ ತಿಕ್ಕಿಕೊ. ಪುಸ್ತಕವನ್ನು ಎಡಗೈಯಲ್ಲಿ ಹಿಡಿ.”